ಹೊತ್ತು ಕೇಳಿದವಳ ಪಕ್ಕದಲ್ಲಿ

2024ರ ಜುಲೈ 23ರ ಬೆಳಗಿನ ಜಾವ ಹುಬ್ಬಳ್ಳಿಯ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಡಾಕ್ಟರೊಬ್ಬರು ನನ್ನ ಹೆಂಡತಿಗೆ, ಜೋರಾಗಿ ಉಸಿರು ಎಳೆದುಕೊಂಡು ಆ ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಆಗುತ್ತದೋ ಅಷ್ಟರವರೆಗೆ ಎಣಿಸಿರಿ ಎಂದು ಹೇಳಿದರು. ಅವಳು ಒಂದು, ಎರಡು, ಮೂರು ಎಂದು ಶುರುಮಾಡಿ 24ಕ್ಕೆ ನಿಂತಳು. ಕಾಲಿನ ಶಕ್ತಿ ಹೋಗಿದೆ ಎಂದು ಕರೆತಂದವಳ ಉಸಿರನ್ನು ಇವರು ಏಕೆ ಅಳೆಯುತ್ತಿದ್ದಾರೆಂದು ನನಗೆ ಆಗ ತಿಳಿಯಲಿಲ್ಲ. ಆರೋಗ್ಯವಂತರು ಸಾಮಾನ್ಯವಾಗಿ 40ರವರೆಗೆ, ಅದರಾಚೆಗೂ ಎಣಿಸುತ್ತಾರೆ ಎಂಬುದಾಗಲಿ, ಈ ಸಂಖ್ಯೆ ಇಳಿಯುತ್ತ ಹೋದರೆ ಎದೆ-ಹೊಟ್ಟೆಗಳ ನಡುವಿನ ವಪೆ ಮತ್ತು ಎದೆಗೂಡಿನ ಸ್ನಾಯುಗಳು ಸೋಲುತ್ತಿವೆ ಎಂದು ಅರ್ಥವೆಂಬುದಾಗಲಿ ನನಗೆ ಗೊತ್ತಾದದ್ದು ಮರುದಿನ, ಬೆಳಿಗ್ಗೆ 17 ಇದ್ದದ್ದು ಮಧ್ಯಾಹ್ನ 12 ಆಗಿ, ರಾತ್ರಿ ಎಂಟು ಗಂಟೆಗೆ 9ಕ್ಕೆ ಇಳಿದಾಗ. ಆ ರಾತ್ರಿಯೇ ಅವಳ ಗಂಟಲಿಗೆ ನಳಿಕೆ ಇಳಿಸಿ ವೆಂಟಿಲೇಟರಿಗೆ ಜೋಡಿಸಿದರು. ಅಲ್ಲಿಂದ ಮುಂದೆ ಐಸಿಯುದಲ್ಲಿ ಒಟ್ಟು 66 ದಿನ.

ನಾವು ಶಿರಸಿಯ ಕಡೆಯವರು. ನಾನು ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮನೆಗೆ ಹೊಂದಿಕೊಂಡು ಒಂದೂವರೆ ಎಕರೆ ಅಡಿಕೆ ತೋಟವಿದೆ, ಅದರ ಉಸ್ತುವಾರಿ ಹೆಚ್ಚಾಗಿ ಅವಳದೇ. ಜುಲೈ ಮೊದಲ ವಾರದಲ್ಲಿ ಅವಳಿಗೆ ಮೂರು ದಿನ ಭೇದಿಯಾಗಿ ತಾನಾಗಿ ನಿಂತಿತ್ತು. ಮಳೆಗಾಲದಲ್ಲಿ ಯಾರಿಗಾದರೂ ಆಗುವಂಥದ್ದು, ಆದ್ದರಿಂದ ನಾವು ಅದನ್ನು ಮರೆತೇಬಿಟ್ಟಿದ್ದೆವು. 19ರಂದು ಎರಡೂ ಪಾದಗಳಲ್ಲಿ ಜೋಮು ಹಿಡಿದ ಹಾಗೆ ಜುಮುಗುಡುತ್ತಿದೆ ಎಂದಳು. ಮರುದಿನ ಒಬ್ಬ ಡಾಕ್ಟರ ಬಳಿ ತೋರಿಸಿದಾಗ ಅವರು ನಿಶ್ಶಕ್ತಿ ಎಂದು ಹೇಳಿ ವಿಟಮಿನ್ ಇಂಜೆಕ್ಷನ್ ಕೊಟ್ಟು ಕಳಿಸಿದರು. 21ರಂದು ಅಟ್ಟದ ಮೆಟ್ಟಿಲು ಹತ್ತಲು ಆಗಲಿಲ್ಲ. 22ರ ಸಂಜೆ ಬಚ್ಚಲಿನಿಂದ ನೀರು ತರುವಾಗ ಕೊಡ ಕೈಯಿಂದ ಜಾರಿ ಬಿತ್ತು, ಅದರ ಹಿಂದೆಯೇ ಅವಳೂ ಕುಸಿದು ಕುಳಿತಳು. ನಾನೂ ಮಗಳೂ ಸೇರಿ ಎಬ್ಬಿಸಿದರೂ ಕಾಲು ನೆಲಕ್ಕೆ ಊರಲಿಲ್ಲ. ಆಗ ನೋಡಿದ ಇನ್ನೊಬ್ಬ ಡಾಕ್ಟರು ರಬ್ಬರ್ ಸುತ್ತಿಗೆಯಿಂದ ಮಂಡಿಗೆ ಎರಡು ಸಲ ತಟ್ಟಿ, ಕಾಲು ಒಂದಿಷ್ಟೂ ಜಿಗಿಯದ್ದನ್ನು ಕಂಡು, ಬೆಳಗಾಗುವುದನ್ನು ಕಾಯಬೇಡಿ, ಈಗಲೇ ಹೊರಡಿ ಎಂದರು. ಅವರ ಆ ಮಾತಿಗೆ ನಾನು ಬದುಕಿರುವವರೆಗೂ ಋಣಿಯಾಗಿರುತ್ತೇನೆ. ಅದರ ಹಿಂದಿನ ವಾರವಷ್ಟೇ, ಜುಲೈ 16ರಂದು, ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋಗಿತ್ತು. ಘಟ್ಟದ ಯಾವ ರಸ್ತೆಯ ಮೇಲೂ ಭರವಸೆ ಇಡುವಂತಿರಲಿಲ್ಲವಾದ್ದರಿಂದ ಮಣಿಪಾಲದ ಯೋಚನೆ ಬಿಟ್ಟು, ಸುರಿಯುವ ಮಳೆಯಲ್ಲಿಯೇ ಮುಂಡಗೋಡದ ಮೇಲೆ ಹುಬ್ಬಳ್ಳಿ ಸೇರಿದೆವು.

ಕಾಯಿಲೆಯ ಹೆಸರು ಗಿಲಾನ್-ಬಾರೆ ಸಿಂಡ್ರೋಮ್. ಆಸ್ಪತ್ರೆಯಲ್ಲಿ ಎಲ್ಲರೂ ಜಿಬಿಎಸ್ ಎನ್ನುತ್ತಾರೆ. 1916ರಲ್ಲಿ ಮೂವರು ಫ್ರೆಂಚ್ ವೈದ್ಯರು ಇಬ್ಬರು ಸೈನಿಕರಲ್ಲಿ ಇದನ್ನು ಗುರುತಿಸಿ ಬರೆದದ್ದರಿಂದ ಅವರಲ್ಲಿ ಇಬ್ಬರ ಹೆಸರು ಇದಕ್ಕೆ ಉಳಿದಿದೆಯಂತೆ. ಹೊಟ್ಟೆಯ ಅಥವಾ ಗಂಟಲಿನ ಸೋಂಕೊಂದು ಬಂದುಹೋದ ಕೆಲವು ದಿನಗಳಲ್ಲಿ, ಆ ಸೋಂಕಿನ ವಿರುದ್ಧ ಎದ್ದ ದೇಹದ ರಕ್ಷಣಾ ಶಕ್ತಿಯೇ ದಾರಿ ತಪ್ಪಿ ನಮ್ಮ ನರಗಳ ಮೇಲೆ ತಿರುಗಿಬೀಳುತ್ತದೆ. ವಿದ್ಯುತ್ ತಂತಿಯ ಮೇಲಿನ ಹೊದಿಕೆ ಸುಲಿದುಹೋದರೆ ಹೇಗೋ ಹಾಗೆ ನರದ ಹೊದಿಕೆ ಹಾಳಾಗುತ್ತದೆ, ಮಿದುಳಿನ ಆಜ್ಞೆ ಸ್ನಾಯುವಿಗೆ ತಲುಪುವುದಿಲ್ಲ ಎಂದು ನರರೋಗ ತಜ್ಞರು ಒಂದು ಚೀಟಿಯ ಹಿಂಬದಿಯಲ್ಲಿ ಗೆರೆ ಎಳೆದು ತೋರಿಸಿದರು. ವರ್ಷಕ್ಕೆ ಲಕ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರುವ ಈ ಕಾಯಿಲೆ ಕಾಲಿನಿಂದ ಮೇಲಕ್ಕೆ ಏರುತ್ತದೆ, ನಾಲ್ಕು ವಾರಗಳ ಒಳಗೆ ತನ್ನ ತುದಿ ಮುಟ್ಟುತ್ತದೆ, ಆಮೇಲೆ ಒಂದಷ್ಟು ದಿನ ಏನೂ ಆಗದೆ ನಿಲ್ಲುತ್ತದೆ, ಅನಂತರ ನಿಧಾನವಾಗಿ ಇಳಿಯುತ್ತದೆ. ನಿಧಾನ ಎಂದರೆ ಎಷ್ಟು ಎಂದು ಕೇಳಿದೆ. ಹೊದಿಕೆ ಮಾತ್ರ ಹಾಳಾಗಿದ್ದರೆ ವಾರಗಳು, ತಿಂಗಳುಗಳು. ಒಳಗಿನ ಎಳೆಯೇ ತುಂಡಾಗಿದ್ದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯಬೇಕು ಎಂದರು. ಹೊರಗೆ ಬಂದು ಕುಳಿತು ಅವಳ ಸೊಂಟದಿಂದ ಹೆಬ್ಬೆರಳಿನವರೆಗೆ ಎಷ್ಟು ಮಿಲಿಮೀಟರ್ ಆಗಬಹುದು ಎಂದು ಲೆಕ್ಕ ಹಾಕಿದೆ. ಹಾಕಬಾರದಿತ್ತು.

ಚಿಕಿತ್ಸೆ ಎರಡು ಬಗೆಯದು: ರಕ್ತದ ಪ್ಲಾಸ್ಮಾವನ್ನು ಹಲವು ಸಲ ಬದಲಾಯಿಸುವುದು, ಇಲ್ಲವೇ ಇಮ್ಯುನೋಗ್ಲೋಬ್ಯುಲಿನ್ ಎಂಬ ಔಷಧವನ್ನು ಐದು ದಿನ ರಕ್ತನಾಳಕ್ಕೆ ಹರಿಸುವುದು. ಎರಡರ ಫಲವೂ ಹೆಚ್ಚುಕಡಿಮೆ ಒಂದೇ ಎಂದು ಹೇಳಿ ಅವಳಿಗೆ ಎರಡನೆಯದನ್ನು ಆರಿಸಿದರು. ತೂಕಕ್ಕೆ ತಕ್ಕಂತೆ ಕಿಲೋಗೆ ಒಟ್ಟು ಎರಡು ಗ್ರಾಂ. ಅವಳ ತೂಕ 55 ಕಿಲೋ, ಆದ್ದರಿಂದ ಐದೈದು ಗ್ರಾಮಿನ 22 ಬಾಟಲಿಗಳು ಬೇಕಾದವು. ಸಾವಿರಾರು ಜನರು ಕೊಟ್ಟ ರಕ್ತದ ಪ್ಲಾಸ್ಮಾ ಸೇರಿಸಿ ಈ ಔಷಧವನ್ನು ತಯಾರಿಸುತ್ತಾರೆಂದು ತಿಳಿದ ಮೇಲೆ, ಔಷಧದ ಅಂಗಡಿಯಿಂದ ಆ ತಣ್ಣನೆಯ ಬಾಟಲಿಗಳನ್ನು ಐಸಿಯು ಬಾಗಿಲಿಗೆ ಒಯ್ಯುವಾಗಲೆಲ್ಲ ಎರಡೂ ಕೈಗಳಲ್ಲಿ ಹಿಡಿದುಕೊಂಡೇ ಒಯ್ಯುತ್ತಿದ್ದೆ. ಆದರೆ ಐದು ದಿನ ಮುಗಿದರೂ ಅವಳು ಏಳಲಿಲ್ಲ. ಏಳುವುದಿರಲಿ, ಕೈಬೆರಳು ನಿಂತವು, ಮುಖದ ಎರಡೂ ಬದಿ ಸೋತಿತು, ರೆಪ್ಪೆಗಳು ಪೂರ್ತಿ ಮುಚ್ಚದಾದವು. ಸಿಸ್ಟರುಗಳು ಕಣ್ಣಿಗೆ ಮುಲಾಮು ಹಾಕಿ ಟೇಪು ಅಂಟಿಸುತ್ತಿದ್ದರು. ಔಷಧ ಮಾಡುವುದು ಮುಂದಿನ ಹಾನಿಯನ್ನು ತಡೆಯುವ ಕೆಲಸವನ್ನು, ಆಗಿಹೋದದ್ದನ್ನು ದೇಹವೇ ರಿಪೇರಿ ಮಾಡಿಕೊಳ್ಳಬೇಕು ಎಂಬ ವಿಷಯವನ್ನು ನಾನು ಊರಿನಿಂದ ಫೋನು ಮಾಡಿದ ಪ್ರತಿಯೊಬ್ಬರಿಗೂ ವಿವರಿಸಬೇಕಾಯಿತು, ವಿವರಿಸುವಾಗಲೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ನಳಿಕೆ ಇಳಿಸುವ ಮೊದಲು ಅವಳು ಆಡಿದ ಕೊನೆಯ ಮಾತು ತೋಟದ್ದು, ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗದ್ದು. ಎರಡು ಶಬ್ದಕ್ಕೊಮ್ಮೆ ಉಸಿರು ತೆಗೆದುಕೊಳ್ಳುತ್ತ, “ಎರಡನೇ ಸಲ ಕೊಳೆ ಔಷಧಿ ಹೊಡೆಸೋದು ಮರೀಬೇಡಿ” ಎಂದಳು. ಆಮೇಲೆ ಎರಡು ತಿಂಗಳ ಕಾಲ ನಾನು ಅವಳ ದನಿ ಕೇಳಲಿಲ್ಲ.

ಈ ಕಾಯಿಲೆಯಲ್ಲಿ ಮಿದುಳಿಗೆ ಏನೂ ಆಗುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ, ಏಕೆಂದರೆ ನೋಡಲು ಬಂದವರಲ್ಲಿ ಹೆಚ್ಚಿನವರಿಗೆ ಅದು ಗೊತ್ತಿರಲಿಲ್ಲ, ಮೊದಲ ಒಂದು ವಾರ ನನಗೂ ಅದು ಮನಸ್ಸಿಗೆ ಇಳಿದಿರಲಿಲ್ಲ. ಮಲಗಿದ ದೇಹ, ಅರ್ಧ ತೆರೆದ ಕಣ್ಣು, ಭಾವವಿಲ್ಲದ ಮುಖ ನೋಡಿದರೆ ಪ್ರಜ್ಞೆ ಇಲ್ಲ ಎಂದೇ ಅನ್ನಿಸುತ್ತದೆ. ಹತ್ತಿರದ ಸಂಬಂಧಿಯೊಬ್ಬರು ಮಂಚದ ಪಕ್ಕದಲ್ಲಿ ನಿಂತು, ಇನ್ನು ಇವಳು ಎಲ್ಲಿ ಏಳುತ್ತಾಳೆ, ಮಗಳ ಮದುವೆಯನ್ನಾದರೂ ನೋಡುವ ಪುಣ್ಯ ಇಲ್ಲವಾಯಿತಲ್ಲ ಎಂದು ಅತ್ತರು. ಆ ಕ್ಷಣ ಮಾನಿಟರಿನಲ್ಲಿ ಹೃದಯದ ಬಡಿತ 88ರಿಂದ 131ಕ್ಕೆ ಏರಿದ್ದನ್ನು ನಾನು ಕಣ್ಣಾರೆ ಕಂಡೆ. ಜಿಬಿಎಸ್ ಇರುವವರಲ್ಲಿ ರಕ್ತದೊತ್ತಡ ಮತ್ತು ಬಡಿತ ತಾವಾಗಿಯೇ ಏರಿಳಿಯುತ್ತವೆ, ನಳಿಕೆಯ ಕಫ ಹೀರುವಾಗ ಬಡಿತ ಒಮ್ಮೆಲೇ 40ರ ಹತ್ತಿರಕ್ಕೆ ಕುಸಿಯುವುದೂ ಇತ್ತು, ಆದ್ದರಿಂದ ಆ ಏರಿಕೆಗೆ ಆ ಮಾತೇ ಕಾರಣವೆಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಮುಂದೆ ಮಾತು ಬಂದ ಮೇಲೆ ಅವಳು ಆ ಸಂಬಂಧಿಯ ವಾಕ್ಯವನ್ನು ಅಕ್ಷರಶಃ ಒಪ್ಪಿಸಿದಳು. ಅಂದಿನಿಂದ, ಒಳಗೆ ಹೋಗುವ ಯಾರಿಗೇ ಆಗಲಿ, ಅವಳು ಎಚ್ಚರವಾಗಿದ್ದಾಳೆ, ಎಲ್ಲವೂ ಕೇಳಿಸುತ್ತದೆ, ಅವಳ ಬಗ್ಗೆ ಮಾತನಾಡಬೇಡಿ, ಅವಳೊಂದಿಗೆ ಮಾತನಾಡಿ ಎಂದು ಬಾಗಿಲಲ್ಲೇ ಹೇಳಿ ಕಳಿಸುವುದು ನನ್ನ ಮೊದಲ ಕೆಲಸವಾಯಿತು.

ಎರಡನೆಯ ವಾರದಲ್ಲಿ ಒಂದು ತಪ್ಪು ನಡೆಯಿತು. ಮಲಗಿದಲ್ಲೇ ಇರುವ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು. ಮಂಚದ ಕಾಲಿಗೆ ತೂಗುಹಾಕಿದ ಹಾಳೆಯಲ್ಲಿ ಎಲ್ಲ ಹೊತ್ತಿಗೂ ಸಹಿ ಇತ್ತು, ಆದರೆ ಸೊಂಟದ ಕೆಳಗೆ ಎರಡು ರೂಪಾಯಿ ನಾಣ್ಯದಷ್ಟು ಚರ್ಮ ಕೆಂಪಾಗಿ ಒಡೆದಿತ್ತು. ಸ್ನಾನದ ಬಟ್ಟೆಯಿಂದ ಒರೆಸುವಾಗ ಒಬ್ಬ ಸಿಸ್ಟರೇ ಅದನ್ನು ನೋಡಿ, ಮುಚ್ಚಿಡದೆ ನನ್ನನ್ನು ಕರೆದು ತೋರಿಸಿದರು. ನಾನು ಕೂಗಾಡಲಿಲ್ಲ. ಅವಳನ್ನು ಅವರ ಕೈಯಲ್ಲೇ ಬಿಟ್ಟು ಹೊರಗೆ ಕುಳಿತಿರಬೇಕಾದವನಿಗೆ ಕೂಗಾಡುವ ಧೈರ್ಯವೂ ಇರಲಿಲ್ಲ. ಉಸ್ತುವಾರಿ ಸಿಸ್ಟರ ಬಳಿ ಹೋಗಿ, ನಾನು ಲೆಕ್ಕದ ಕೆಲಸದವನು, ಸಹಿ ಇದೆ ಕೆಲಸ ಇಲ್ಲ ಎಂದರೆ ಏನೆಂದು ನನಗೆ ಗೊತ್ತು, ದಯವಿಟ್ಟು ಹಗಲಿನಲ್ಲಿ ಎರಡು ಸಲ ಮಗ್ಗುಲು ತಿರುಗಿಸುವಾಗ ನನ್ನನ್ನೂ ಜೊತೆಗೆ ಸೇರಿಸಿಕೊಳ್ಳಿ ಎಂದು ಕೇಳಿದೆ. ಬೆಳಿಗ್ಗೆ 11ರಿಂದ ಅರ್ಧ ಗಂಟೆ, ಸಂಜೆ 5ರಿಂದ ಅರ್ಧ ಗಂಟೆ ಮಾತ್ರ ಒಳಗೆ ಬಿಡುತ್ತಿದ್ದ ಆಸ್ಪತ್ರೆ, ಮೂರನೆಯ ವಾರದಿಂದ ನನಗೂ ಮಗಳಿಗೂ ಹೆಚ್ಚು ಹೊತ್ತು ಇರಲು ಅವಕಾಶ ಕೊಟ್ಟಿತು. ಏರ್ ಬೆಡ್ ಬಂತು. ಹುಣ್ಣು ಮಾಯಲು ಐದು ವಾರ ಹಿಡಿಯಿತು.

ಆಗಸ್ಟ್ 6ರಂದು ಬಾಯಿಯ ನಳಿಕೆ ತೆಗೆದು ಕುತ್ತಿಗೆಯಲ್ಲಿ ರಂಧ್ರ ಮಾಡಿ ಅಲ್ಲಿಂದ ಉಸಿರಿನ ನಳಿಕೆ ಹಾಕಿದರು. ಟ್ರೇಕಿಯಾಸ್ಟಮಿ ಎಂಬ ಶಬ್ದ ಕೇಳಿ ನಾನು ಅದನ್ನು ಕೊನೆಯ ಹಂತ ಎಂದುಕೊಂಡು ಹೆದರಿದ್ದೆ. ನಿಜದಲ್ಲಿ ಅದು ದೀರ್ಘಕಾಲ ವೆಂಟಿಲೇಟರ್ ಬೇಕಾಗುವವರಿಗೆ ಮಾಡಿಕೊಡುವ ಅನುಕೂಲ. ಬಾಯಿ ಖಾಲಿಯಾಯಿತು, ನಿದ್ದೆಯ ಔಷಧ ಕಡಿಮೆಯಾಯಿತು, ಹದಿಮೂರು ದಿನಗಳ ನಂತರ ಅವಳ ತುಟಿಗಳು ಕಾಣಿಸಿದವು. ಆ ಹೊತ್ತಿಗೆ ಅವಳಲ್ಲಿ ಅಲುಗುತ್ತಿದ್ದದ್ದು ಕಣ್ಣುಗುಡ್ಡೆಗಳು ಮಾತ್ರ. ಮೇಲೆ ಎತ್ತಿದರೆ ಹೌದು, ಪಕ್ಕಕ್ಕೆ ಹೊರಳಿಸಿದರೆ ಅಲ್ಲ ಎಂದು ಒಪ್ಪಂದ ಮಾಡಿಕೊಂಡೆವು.

ಆಸ್ಪತ್ರೆಯಲ್ಲಿ ಮಾತು ಬಾರದವರಿಗೆಂದು ಇದ್ದ ಹಲಗೆಯಲ್ಲಿ ಇಂಗ್ಲಿಷ್ ಅಕ್ಷರಗಳಿದ್ದವು. ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ ಅವಳಿಗೆ ಅದು ಪ್ರಯೋಜನಕ್ಕೆ ಬರುವಂತಿರಲಿಲ್ಲ. ಮಗಳು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಮಾರ್ಕರಿನಿಂದ ನಮ್ಮ ವರ್ಣಮಾಲೆ ಬರೆದಳು. ಮೊದಲ ಸಾಲು ಸ್ವರಗಳದು, ಎರಡನೆಯದು ಕ ವರ್ಗ, ಮೂರನೆಯದು ಚ ವರ್ಗ, ಹೀಗೆ ಪ ವರ್ಗದವರೆಗೆ ಆರು ಸಾಲು, ಯರಲವ ಏಳನೆಯದು, ಶಷಸಹಳ ಎಂಟನೆಯದು. ಮೊದಲು ಸಾಲನ್ನು ಕೇಳುವುದು, ಕಣ್ಣು ಮೇಲೆದ್ದರೆ ಆ ಸಾಲಿನ ಅಕ್ಷರಗಳನ್ನು ಒಂದೊಂದಾಗಿ ತೋರಿಸುವುದು. ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುವ ವರ್ಗಗಳ ಈ ಕ್ರಮ ಇಷ್ಟು ಉಪಯೋಗಕ್ಕೆ ಬರುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ. ಯಾವ ಅಕ್ಷರ ಎಲ್ಲಿದೆ ಎಂದು ಅವಳಿಗೆ ಹಲಗೆ ನೋಡದೆಯೇ ಗೊತ್ತಿತ್ತು. ಎಂಟನೆಯ ಸಾಲು ಎಂದರೆ ಸಾಕು, ಅವಳು ಹಕಾರಕ್ಕೆ ಕಾದಿರುತ್ತಿದ್ದಳು. ಕಾಗುಣಿತವನ್ನೂ ಒತ್ತಕ್ಷರವನ್ನೂ ಬಿಟ್ಟುಬಿಟ್ಟೆವು, ಅವಳಿಗೆ ಅಷ್ಟು ಹೊತ್ತು ಕಣ್ಣು ನಿಲ್ಲಿಸಲು ಆಗುತ್ತಿರಲಿಲ್ಲ.

ಆಗಸ್ಟ್ 8ರ ಸಂಜೆ ಅವಳು ಮೊದಲ ಮಾತು ಬರೆಸಿದಳು. ಎಂಟನೆಯ ಸಾಲು, ಹ. ಐದನೆಯ ಸಾಲು, ತ. ಅಷ್ಟೇ. ನಾನು ಹತ್ತಿರ ಬಾ ಎನ್ನುತ್ತಿದ್ದಾಳೆ ಎಂದುಕೊಂಡು ಮುಖದ ಸಮೀಪಕ್ಕೆ ಬಾಗಿದೆ. ಕಣ್ಣು ಪಕ್ಕಕ್ಕೆ ಹೋಯಿತು. ಹೊದಿಕೆ ಬೇಕೇ ಎಂದೆ, ಅಲ್ಲ. ಹತ್ತು ಎಂದೆ, ಹೊಟ್ಟೆಗೆ ಹಿತವಿಲ್ಲವೇ ಎಂದೆ, ಅಲ್ಲ, ಅಲ್ಲ. ಮಗಳು ಹಲಗೆಯನ್ನು ಕೆಳಗಿಳಿಸಿ, “ಅಮ್ಮಾ, ಹೊತ್ತೆಷ್ಟು ಅಂತ ಕೇಳ್ತಿದ್ದೀಯಾ?” ಎಂದಳು. ಎರಡೂ ಕಣ್ಣುಗುಡ್ಡೆಗಳು ಮೇಲಕ್ಕೆ ಹೋಗಿ ಅಲ್ಲೇ ನಿಂತವು. ಸಂಜೆ ಐದು ಗಂಟೆ ಹತ್ತು ನಿಮಿಷ, ಗುರುವಾರ, ನಾಳೆ ನಾಗರ ಪಂಚಮಿ ಎಂದು ಮಗಳು ಹೇಳಿದಾಗ ಅವಳ ಕಣ್ಣಿನ ಹೊರಮೂಲೆಯಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಕಿಟಕಿ ಇಲ್ಲದ, ಹಗಲು ರಾತ್ರಿ ಒಂದೇ ಬೆಳಕಿರುವ ಆ ಕೋಣೆಯಲ್ಲಿ ಅವಳು ಹದಿನೈದು ದಿನಗಳಿಂದ ನಡುರಾತ್ರಿ ಎಂದೇ ತಿಳಿದು ಮಲಗಿದ್ದಳು. ಯಂತ್ರಗಳ ಸದ್ದು ಕೇಳುತ್ತ, ತನ್ನನ್ನು ಅಡಿಕೆ ಒಣಗಿಸುವ ಅಟ್ಟದ ಮೇಲೆ ಕಟ್ಟಿಹಾಕಿ ಎಲ್ಲರೂ ಊರು ಬಿಟ್ಟು ಹೋಗಿದ್ದಾರೆ, ಕೆಳಗೆ ಯಾರೋ ಬಾಗಿಲು ಬಡಿಯುತ್ತಿದ್ದಾರೆ ಎಂದು ದಿನಗಟ್ಟಲೆ ಅನ್ನಿಸುತ್ತಿತ್ತಂತೆ. ನಿದ್ದೆಗೆಟ್ಟ ಐಸಿಯು ರೋಗಿಗಳಲ್ಲಿ, ಅದರಲ್ಲೂ ಈ ಕಾಯಿಲೆಯವರಲ್ಲಿ, ಇಂಥ ಭ್ರಮೆಗಳು ಸಾಮಾನ್ಯವೆಂದು ಡಾಕ್ಟರು ಆಮೇಲೆ ಹೇಳಿದರು.

ಹದಿನೈದು ದಿನ ನಾನು ಅವಳ ಪಕ್ಕ ನಿಂತು ಧೈರ್ಯ ಹೇಳಿದ್ದೆ, ದೇವರ ಹೆಸರು ಹೇಳಿದ್ದೆ, ಎಲ್ಲ ಸರಿಹೋಗುತ್ತದೆ ಎಂದಿದ್ದೆ. ಹೊತ್ತೆಷ್ಟು ಎಂದು ಮಾತ್ರ ಹೇಳಿರಲಿಲ್ಲ. ಮರುದಿನವೇ ದುರ್ಗದ ಬೈಲಿನಿಂದ ದೊಡ್ಡ ಅಂಕಿಗಳ ಗೋಡೆ ಗಡಿಯಾರವೊಂದನ್ನು ತಂದೆ; ಉಸ್ತುವಾರಿ ಸಿಸ್ಟರು ಅದನ್ನು ಅವಳ ಕಣ್ಣಿಗೆ ಎದುರಾಗುವಂತೆ ತೂಗುಹಾಕಿಸಿದರು. ಪ್ರತಿದಿನ ಒಳಗೆ ಹೋದ ಕೂಡಲೇ ವಾರ, ತಾರೀಖು, ತಿಥಿ, ಹೊರಗೆ ಮಳೆಯೋ ಬಿಸಿಲೋ, ನಾನು ಏನು ತಿಂದು ಬಂದೆ, ಇಂದು ಡಾಕ್ಟರು ಏನು ಹೇಳಿದರು ಎಂಬುದನ್ನು ಅದೇ ಕ್ರಮದಲ್ಲಿ ಹೇಳತೊಡಗಿದೆ. ಸಿಸ್ಟರುಗಳಿಗೂ, ಮಗ್ಗುಲು ತಿರುಗಿಸುವ ಮೊದಲು, ಕಫ ಹೀರುವ ಮೊದಲು ಒಂದು ಮಾತು ಹೇಳಿಯೇ ಕೈ ಹಾಕುವಂತೆ ಕೇಳಿಕೊಂಡೆವು. ಹೆಚ್ಚಿನವರು ನೆನಪಿಟ್ಟು ಹಾಗೆಯೇ ಮಾಡಿದರು. ಅವಳಿಗೆ ಆಗ ಚರ್ಮದ ಮೇಲೆ ಬಟ್ಟೆ ಸರಿದರೂ ಉರಿಯುವಷ್ಟು ನೋವಿತ್ತು, ಆದರೆ ಅಲುಗಲಾರದ ಕಾಲು ನೋವನ್ನು ಅರಿಯುವುದಿಲ್ಲ ಎಂದು ನಾವೆಲ್ಲ ಭಾವಿಸಿದ್ದೆವು.

ಅವಳ ಎರಡನೆಯ ಪ್ರಶ್ನೆ ತೋಟದ್ದೇ ಆಗಿತ್ತು. ನಾನು ಔಷಧಿ ಹೊಡೆಸಿ ಆಯಿತು ಎಂದೆ. ಅದು ಸುಳ್ಳು. ಮಳೆ ಬಿಡದೆ, ಆಳು ಸಿಗದೆ, ನಾನು ಊರಿಗೇ ಹೋಗದೆ ಗೊನೆಗಳಿಗೆ ಕೊಳೆರೋಗ ತಗುಲಿ ಎಳೆಯ ಅಡಿಕೆ ಉದುರಲು ಶುರುವಾಗಿತ್ತು. ಅವಳು ನನ್ನನ್ನೇ ನೋಡಿದಳು, ಮತ್ತೆ ಅದೇ ಅಕ್ಷರಗಳನ್ನು ಬರೆಸಿದಳು, ಮತ್ತೆ ನಾನು ಅದನ್ನೇ ಹೇಳಿದೆ. ಆಮೇಲೆ ಎರಡು ದಿನ ಅವಳು ಹಲಗೆಯ ಕಡೆ ನೋಡಲೇ ಇಲ್ಲ. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದವಳಿಗೆ ನನ್ನ ಸುಳ್ಳು ಗುರುತಿಸಲು ಬೇರೆ ಸಾಕ್ಷಿ ಬೇಕಿರಲಿಲ್ಲ, ಮತ್ತು ನಾನು ತೋಟದ ವಿಷಯದಲ್ಲಿ ಸುಳ್ಳು ಹೇಳಿದರೆ ಅವಳ ಕಾಯಿಲೆಯ ವಿಷಯದಲ್ಲೂ ಹೇಳುತ್ತಿರಬಹುದಲ್ಲ ಎಂದು ಅವಳು ಲೆಕ್ಕ ಹಾಕಿದ್ದು ಸಹಜವಾಗಿಯೇ ಇತ್ತು. ಮೂರನೆಯ ದಿನ ನಿಜ ಹೇಳಿದೆ: ಅರ್ಧ ಬೆಳೆ ಹೋಗಬಹುದು, ಉಳಿದದ್ದಕ್ಕೆ ಭಾವ ಬಂದು ಔಷಧಿ ಹೊಡೆಸುತ್ತಿದ್ದಾನೆ. ಕಣ್ಣು ಮೇಲಕ್ಕೆ ಹೋಯಿತು. ಆಮೇಲೆ ಅವಳು ಕೇಳದಿದ್ದರೂ ಡಾಕ್ಟರು ಹೇಳಿದ್ದನ್ನು ಹಾಗೆಯೇ ಹೇಳುತ್ತ ಬಂದೆ. ಇಂಥ ಕಾಯಿಲೆಯವರಲ್ಲಿ ಹತ್ತರಲ್ಲಿ ಎಂಟು ಜನ ಆರು ತಿಂಗಳ ಹೊತ್ತಿಗೆ ತಾವಾಗಿ ನಡೆಯುತ್ತಾರೆ, ಆದರೆ ವೆಂಟಿಲೇಟರಿಗೆ ಹೋದವರಿಗೆ ಅದಕ್ಕಿಂತ ತಡವಾಗಬಹುದು ಎಂಬ ಎರಡೂ ಭಾಗಗಳನ್ನು ಅವಳಿಗೆ ಹೇಳಿದೆ.

ದುಡ್ಡಿನ ಮಾತು ಉದ್ದವಾಗಿ ಬರೆಯಲು ಮನಸ್ಸಿಲ್ಲ. ಒಟ್ಟು 14 ಲಕ್ಷ ದಾಟಿತು. ಎಪಿಎಲ್ ಕಾರ್ಡಿನವರಿಗೂ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ಸಿಗುತ್ತದೆಂದು ನನಗೆ ತಿಳಿದದ್ದು ತಡವಾಗಿ. ಸೇರಿಸಿದ ದಿನವೇ, ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರ ಕೌಂಟರನ್ನು ವಿಚಾರಿಸಬೇಕು. ಸಂಘದ ಸಾಲ, ಅವಳ ಎರಡು ಬಳೆ, ಅಣ್ಣಂದಿರ ನೆರವು ಸೇರಿ ನಿಭಾಯಿಸಿತು.

ಐಸಿಯು ಹೊರಗಿನ ಹಜಾರದಲ್ಲಿ ನಮಗೆ ಹೆಸರುಗಳಿರಲಿಲ್ಲ. ಮೈಕಿನಲ್ಲಿ “ಏಳನೇ ಬೆಡ್ಡಿನ ಕಡೆಯವರು” ಎಂದು ಕೂಗಿದರೆ ಅದು ನಾನು. ಗದಗಿನ ಕಡೆಯ ರೈತರೊಬ್ಬರು ತಮ್ಮ ಮಗನಿಗಾಗಿ ಅಲ್ಲಿ ಹತ್ತೊಂಬತ್ತು ದಿನ ಇದ್ದರು; ಊರಿನಿಂದ ಬುತ್ತಿ ಬಂದಾಗಲೆಲ್ಲ ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಬಿಚ್ಚಿ “ಉಣ್ರಿ ಸರ, ನೀವು ಗಟ್ಟಿ ಇದ್ರ ಅವರು ಗಟ್ಟಿ” ಎಂದು ಒತ್ತಾಯ ಮಾಡುತ್ತಿದ್ದರು. ಅವರ ಮಗ ಉಳಿಯಲಿಲ್ಲ. ಹೊರಡುವ ದಿನ ಅವರು ತಮ್ಮ ಚಾಪೆಯನ್ನು ನನಗೆ ಬಿಟ್ಟು ಹೋದರು. ಆ ಚಾಪೆಯ ಮೇಲೆ ಮಲಗಿದ ಮೊದಲ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸ್ವಾತಂತ್ರ್ಯ ದಿನದ ಹಿಂದುಮುಂದಿನಲ್ಲಿ ಅವಳ ಎಡ ಭುಜ ಒಂದು ಬೆರಳಿನಷ್ಟು ಮೇಲಕ್ಕೆ ಬಂತು. ಫಿಸಿಯೋಥೆರಪಿಯ ಹುಡುಗಿ ಅದನ್ನು ಮೊದಲು ಕಂಡು ನನ್ನನ್ನು ಕೂಗಿದಳು. ಎರಡು ದಿನವೂ ಆ ಸಂತೋಷ ಉಳಿಯಲಿಲ್ಲ; 17ರಂದು 103 ಡಿಗ್ರಿ ಜ್ವರ ಬಂತು, ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗಾಗಿತ್ತು. ವೆಂಟಿಲೇಟರಿನ ಮೇಲೆ ದಿನಗಟ್ಟಲೆ ಇರುವವರಿಗೆ ಬರುವ ನ್ಯುಮೋನಿಯ. ಕಾಯಿಲೆ ಇಳಿಯುತ್ತಿದೆ ಎಂದು ಗೊತ್ತಾದ ಮೇಲೆ ಸೋಂಕಿನಿಂದ ಅವಳನ್ನು ಕಳೆದುಕೊಳ್ಳುತ್ತೇನೆಯೇ ಎಂಬ ಆ ಹತ್ತು ದಿನಗಳ ಭಯ ಮೊದಲ ರಾತ್ರಿಯ ಭಯಕ್ಕಿಂತ ದೊಡ್ಡದಾಗಿತ್ತು. ಊರಿನವರು ಫೋನಿನಲ್ಲಿ “ಈಗ ಹುಷಾರಾಗ್ತಿದ್ದಾರಾ?” ಎಂದು ಕೇಳಿದರೆ ಹೌದು ಎನ್ನಲೂ ಇಲ್ಲ ಎನ್ನಲೂ ಆಗುತ್ತಿರಲಿಲ್ಲ.

ಆಗಸ್ಟ್ 29ರಂದು ಮೊದಲ ಬಾರಿಗೆ ಅವಳನ್ನು ವೆಂಟಿಲೇಟರಿನಿಂದ ಬಿಡಿಸಿ, ಕುತ್ತಿಗೆಯ ನಳಿಕೆಗೆ ಆಮ್ಲಜನಕದ ಕೊಳವೆಯೊಂದನ್ನು ಜೋಡಿಸಿ ತಾನಾಗಿ ಉಸಿರಾಡಲು ಬಿಟ್ಟರು. ಐದು ನಿಮಿಷ. ನಾನು ಸಂಘದ ಕಿರ್ದಿ ಬರೆಯುವ ಅಭ್ಯಾಸದವನಾದ್ದರಿಂದ ಒಂದು ಉದ್ದನೆಯ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡತೊಡಗಿದೆ. ಆ ಪುಟ ಈಗಲೂ ನನ್ನೆದುರು ಇದೆ: 5, 5, 8, 12, 6, 15, 20. ಆ ಆರರ ಎದುರು ‘ರಾತ್ರಿ ನಿದ್ದೆ ಇಲ್ಲ’ ಎಂದು ಬರೆದಿದ್ದೇನೆ. 12 ಇದ್ದದ್ದು 6ಕ್ಕೆ ಇಳಿದ ದಿನ ಅವಳು ಹಲಗೆಯಲ್ಲಿ ಸ, ಕ ಎಂದು ಬರೆಸಿದಳು, ಸಾಕು ಎಂದು. ನಾನು ಪುಸ್ತಕ ತೆರೆದು ಅವಳ ಕಣ್ಣೆದುರು ಹಿಡಿದು, ಮೊದಲ ದಿನದ ಐದನ್ನೂ ಇಂದಿನ ಆರನ್ನೂ ಬೆರಳಿಟ್ಟು ತೋರಿಸಿದೆ. ಬೇರೆ ಏನೂ ಹೇಳಲಿಲ್ಲ. ಗಣೇಶ ಚೌತಿಯ ದಿನ 40 ನಿಮಿಷವಾಯಿತು, ಆ ಹೊತ್ತಿಗೆ ಗಡಿಯಾರದ ಮುಳ್ಳನ್ನು ಅವಳೇ ನೋಡುತ್ತ ಕಾಯುತ್ತಿದ್ದಳು. ಸೆಪ್ಟೆಂಬರ್ 12ರಂದು ಮೂರು ಗಂಟೆ, 19ರಿಂದ 20ಕ್ಕೆ ಇಡೀ ಒಂದು ಹಗಲು ಒಂದು ರಾತ್ರಿ. ಆ ರಾತ್ರಿ ಪಕ್ಕದಲ್ಲಿ ವೆಂಟಿಲೇಟರ್ ಸದ್ದಿಲ್ಲದೆ ನಿಂತಿತ್ತು.

22ರಂದು ಕುತ್ತಿಗೆಯ ನಳಿಕೆಗೆ ಮಾತಿನ ವಾಲ್ವ್ ಹಾಕಿದರು. ಒಡೆದ ಕೊಳಲಿನಂಥ ದನಿಯಲ್ಲಿ ಅವಳು ಮಗಳ ಹೆಸರು ಕರೆದಳು. 26ರಂದು ಐಸಿಯುದಿಂದ ವಾರ್ಡಿಗೆ ಬಂದಳು, ಅಲ್ಲಿ ಕಿಟಕಿಯ ಪಕ್ಕದ ಮಂಚವನ್ನು ಕೇಳಿ ಪಡೆದೆವು. ಅಕ್ಟೋಬರ್ 5ರಂದು ನಳಿಕೆ ತೆಗೆದ ಮೇಲೆ ಡಾಕ್ಟರು ಒಂದೇ ಉಸಿರಿನಲ್ಲಿ ಎಣಿಸಲು ಹೇಳಿದರು, 19. ದೀಪಾವಳಿಗೆ ಮೂರು ದಿನ ಮುಂಚೆ, ಗಾಲಿಕುರ್ಚಿಯಲ್ಲಿ, ಮನೆಗೆ ಬಂದೆವು.

2025ರ ಜನವರಿಯಲ್ಲಿ ಪುಣೆಯಲ್ಲಿ ಒಟ್ಟೊಟ್ಟಿಗೆ ಅನೇಕರಿಗೆ ಜಿಬಿಎಸ್ ಬಂತು ಎಂಬ ಸುದ್ದಿ ಟಿವಿಯಲ್ಲಿ ಬಂದಾಗ ಅವಳು ವಾಕರ್ ಹಿಡಿದು ಜಗಲಿಯವರೆಗೆ ನಡೆಯುತ್ತಿದ್ದಳು. ವೆಂಟಿಲೇಟರಿನಲ್ಲಿದ್ದವರ ಸಂಖ್ಯೆ ಕೇಳಿ, “ಅವರಿಗೆ ಯಾರಾದ್ರೂ ಹೊತ್ತು ಹೇಳ್ತಾರೋ ಇಲ್ವೋ” ಎಂದಳು. ಅವಳ ಆ ಮಾತಿನಿಂದಲೇ ನಾನು ಇದನ್ನು ಬರೆಯಲು ಕುಳಿತದ್ದು.

ಒಂದು ವಿಷಯ ಉಳಿಯಿತು. ಐಸಿಯುದಲ್ಲಿ ಅವಳ ಕೂದಲು ಗಂಟು ಗಂಟಾಗಿ, ಕತ್ತರಿಸಿಬಿಡೋಣವೇ ಎಂಬ ಮಾತು ಬಂದಿತ್ತು. ಹಲಗೆ ಹಿಡಿದು ಕೇಳಿದಾಗ ಅವಳ ಕಣ್ಣು ಒಮ್ಮೆಲೇ ಪಕ್ಕಕ್ಕೆ ಹೋಯಿತು. ಆಗ ಕೇರಳದ ಒಬ್ಬ ಸಿಸ್ಟರು ರಾತ್ರಿ ಪಾಳಿಯಲ್ಲಿ ಒಂದೂವರೆ ಗಂಟೆ ಕುಳಿತು ಕೊಬ್ಬರಿ ಎಣ್ಣೆ ಹಚ್ಚಿ ಗಂಟು ಬಿಡಿಸಿ, ಮಲಗಿದಾಗ ಒತ್ತದಂತೆ ಕಿವಿಯ ಎರಡೂ ಬದಿಗೆ ಎರಡು ಜಡೆ ಹಾಕುವುದನ್ನು ನನಗೆ ಕಲಿಸಿಕೊಟ್ಟರು. ಈಗ ಅವಳು ಸೌಟು ಹಿಡಿಯುತ್ತಾಳೆ, ಪಾದ ಎಳೆಯದಂತೆ ಪಟ್ಟಿ ಕಟ್ಟಿಕೊಂಡು ತೋಟದ ಏರಿಯವರೆಗೆ ಹೋಗುತ್ತಾಳೆ, ಒಂದೇ ಉಸಿರಿನಲ್ಲಿ 38ರವರೆಗೆ ಎಣಿಸುತ್ತಾಳೆ. ಕೈ ಬೆನ್ನ ಹಿಂದಕ್ಕೂ ಹೋಗುತ್ತದೆ, ಆದರೆ ಬೆರಳುಗಳಿಗೆ ಮೂರು ಎಳೆ ಹೆಣೆಯುವ ಬಲ ಇನ್ನೂ ಬಂದಿಲ್ಲ. ಆದ್ದರಿಂದ ಸಂಘಕ್ಕೆ ಹೊರಡುವ ಮೊದಲು ಬೆಳಿಗ್ಗೆ ಒಂಬತ್ತಕ್ಕೆ ಅವಳು ಜಗಲಿಯ ಅಂಚಿನಲ್ಲಿ ಕುಳಿತುಕೊಳ್ಳುತ್ತಾಳೆ, ನಾನು ಹಿಂದೆ ಕುಳಿತು ಜಡೆ ಹಾಕುತ್ತೇನೆ. ಈಗ ಒಂದೇ ಜಡೆ. ಬಿಗಿಯಾಯಿತು ಎನ್ನುತ್ತಾಳೆ, ಬಿಚ್ಚಿ ಮತ್ತೆ ಹಾಕುತ್ತೇನೆ.